ಚೈನ್ ತುಂಡಾದಾಗ ತಪ್ಪು ಯಾರದು?

ಈ ವಾರ ನಮ್ಮ ಅಧ್ಯಯನ ವಲಯದಲ್ಲಿ ಸಮ್ಮಾ ವಾಚಾ, ಅಂದರೆ ಸಮ್ಯಕ್ ಮಾತಿನ ಬಗ್ಗೆ ಓದುತ್ತಿದ್ದೇವೆ. ಇಂದು ಬರೆಯುವ ಸರದಿ ನನ್ನದು. ಗ್ರಂಥದ ವಿಷಯಕ್ಕೆ ಹೋಗುವ ಮೊದಲು ಕಳೆದ ಮಳೆಗಾಲದಲ್ಲಿ ನನಗೇ ಆದ ಒಂದು ಅನುಭವ ಹೇಳುತ್ತೇನೆ. ಇದರಲ್ಲಿ ನನ್ನ ಹೆಗ್ಗಳಿಕೆ ಏನೂ ಇಲ್ಲ. ಅದಕ್ಕೇ ಹೇಳುತ್ತಿದ್ದೇನೆ.

*1. ನಡೆದದ್ದು*

ನಾನು ಪಾಠ ಮಾಡುವ ಶಾಲೆ ಕಲಬುರಗಿಯಿಂದ 22 ಕಿಲೋಮೀಟರ್ ದೂರ. ದಿನಾ ಬೈಕಿನಲ್ಲೇ ಹೋಗಿಬರುತ್ತೇನೆ. ಜುಲೈ ಮೊದಲ ವಾರದಲ್ಲಿ ಹಳೆಯ ಚೈನ್ ಸವೆದು ಶಬ್ದ ಮಾಡುತ್ತಿದ್ದುದರಿಂದ ಒಂದು ಗ್ಯಾರೇಜಿನಲ್ಲಿ ಹೊಸ ಚೈನ್ ಮತ್ತು ಸ್ಪ್ರಾಕೆಟ್ ಹಾಕಿಸಿದೆ. ಕೂಲಿ ಸೇರಿ 1,850 ರೂಪಾಯಿ ಆಯಿತು. ಬಿಲ್ಲನ್ನೂ ಕೊಟ್ಟರು.

ಇಪ್ಪತ್ತಮೂರನೆಯ ದಿನ ಬೆಳಿಗ್ಗೆ ಶಾಲೆಗೆ ಹೋಗುವಾಗ ಕಾಲ ಕೆಳಗೆ ದಡಾರನೆ ಸದ್ದಾಯಿತು. ಹಿಂದಿನ ಚಕ್ರ ಒಂದು ಕ್ಷಣ ಹಿಡಿದುಕೊಂಡಿತು. ಪುಣ್ಯಕ್ಕೆ ವೇಗ ಕಡಿಮೆ ಇತ್ತು, ಹಿಂದೆ ಲಾರಿ ಇರಲಿಲ್ಲ. ಇಳಿದು ನೋಡಿದರೆ ಚೈನ್ ಬಿಚ್ಚಿಕೊಂಡು ಮುಂದಿನ ಸ್ಪ್ರಾಕೆಟ್ ಹತ್ತಿರ ಗಂಟಾಗಿ ಸಿಕ್ಕಿಕೊಂಡಿದೆ. ಅಲ್ಲಿ ಎಂಜಿನ್ನಿನ ಕವಚ ಸೀಳಿ ಆಯಿಲ್ ಸೋರುತ್ತಿದೆ.

ಗೂಡ್ಸ್ ಆಟೋದಲ್ಲಿ ಬೈಕ್ ಹಾಕಿಕೊಂಡು ಅದೇ ಗ್ಯಾರೇಜಿಗೆ ತಂದೆ. ಮಾಲೀಕರು ನೋಡಿ, 9,400 ರೂಪಾಯಿ ಆಗುತ್ತದೆ ಎಂದರು. ಸಾಮಾನಿಗೆ 6,200, ಕೂಲಿ 3,200.

"ನೀವೇ ಹಾಕಿದ ಚೈನು. ನಾನ್ಯಾಕೆ ಕೊಡಲಿ?" ಎಂದೆ.

"ಚೈನಿಗೆ ಎಣ್ಣಿ ಬಿಟ್ಟೀರೇನ್ರಿ ಸರ? ಎರಿಮಣ್ಣ ಹೆಂಗ ಮೆತ್ತ್ಯದ ನೋಡ್ರಿ. ನಿಮ್ದೇ ತಪ್ಪದ" ಎಂದರು ಅವರು.

ಧ್ವನಿ ಏರಿತು. ಚಹಾ ಕುಡಿಯುತ್ತಿದ್ದವರು ಬಂದು ನಿಂತರು. ಅವರಲ್ಲೊಬ್ಬರು, "ಶನಿವಾರ ಹೊಸ ಸಾಮಾನು ಹಾಕಿಸಬಾರದಾಗಿತ್ರಿ, ಎಲ್ಲಾ ಗ್ರಹಚಾರ" ಎಂದರು. ಇನ್ನೊಬ್ಬರು ಹ್ಯಾಂಡಲಿಗೆ ನಿಂಬೆಹಣ್ಣು ಕಟ್ಟಲು ಸಲಹೆ ಕೊಟ್ಟರು.

ಕೊನೆಗೆ ಮಾಲೀಕರು ಮೂಲೆಯಲ್ಲಿ ನಿಂತಿದ್ದ ಹುಡುಗನ ಕಡೆ ತಿರುಗಿದರು. ಹತ್ತೊಂಬತ್ತರ ವಯಸ್ಸಿರಬಹುದು. ಚೈನ್ ಹಾಕಿದವನು ಅವನೇ. "ಇವನ ಪಗಾರದಾಗ ಕಡೀತೀನಿ, ನಿಮಗೇನದ?" ಎಂದರು. ಹುಡುಗ ತಲೆ ಎತ್ತಲಿಲ್ಲ.

ನಾನು ಆಗ ಒಂದು ಮಾತು ಹೇಳಿದೆ: "ನೀವು ಚೈನ್ ಹಾಕಿದ ಮೇಲೆ ಈ ಗಾಡಿಯನ್ನು ಬೇರೆ ಯಾರೂ ಮುಟ್ಟಿಲ್ಲ."

*2. ರಾತ್ರಿ ನೆನಪಾದದ್ದು*

ಆ ಮಾತು ಹೇಳುವಾಗ ನಿಜವೆಂದೇ ನಂಬಿದ್ದೆ. ರಾತ್ರಿ ಊಟಕ್ಕೆ ಕುಳಿತಾಗ ನೆನಪಾಯಿತು. ಒಂದು ವಾರದ ಹಿಂದೆ ಶಾಲೆಯ ಊರಿನಲ್ಲೇ ಹಿಂದಿನ ಚಕ್ರ ಪಂಕ್ಚರ್ ಆಗಿತ್ತು. ಟ್ಯೂಬ್ ಹರಿದಿದ್ದರಿಂದ ಚಕ್ರವನ್ನೇ ಬಿಚ್ಚಿ ಹೊಸ ಟ್ಯೂಬ್ ಹಾಕಿದ್ದರು. ನನಗೆ ಪ್ರಾರ್ಥನೆಯ ಹೊತ್ತಾಗಿತ್ತು. ಬೇಗ ಬೇಗ ಎಂದು ಅವಸರ ಮಾಡಿದ್ದೂ ನಾನೇ.

ಬೈಕ್ ಬಲ್ಲವರಿಗೆ ಇದರ ಅರ್ಥ ಗೊತ್ತು. ಹಿಂದಿನ ಚಕ್ರದ ಎರಡೂ ಬದಿಯಲ್ಲಿ ಚೈನ್ ಬಿಗಿ ಮಾಡುವ ಅಡ್ಜಸ್ಟರ್ ಇರುತ್ತದೆ, ಅದರ ಪಕ್ಕದಲ್ಲಿ ಗೆರೆಗಳಿರುತ್ತವೆ. ಎಡಕ್ಕೂ ಬಲಕ್ಕೂ ಒಂದೇ ಗೆರೆಗೆ ಕೂರಿಸಬೇಕು. ಹೆಚ್ಚುಕಡಿಮೆಯಾದರೆ ಚಕ್ರ ಓರೆಯಾಗುತ್ತದೆ. ಚೈನ್ ಸ್ಪ್ರಾಕೆಟ್ಟಿನ ಮೇಲೆ ನೇರವಾಗಿ ಓಡದೆ ಪಕ್ಕಕ್ಕೆ ಎಳೆಯುತ್ತದೆ. ಆ ಎಳೆತ ಬೀಳುವುದು ಚೈನಿನ ಎರಡು ತುದಿ ಕೂಡಿಸುವ ಲಾಕ್ ಕೊಂಡಿಯ ಮೇಲೂ.

ಬಿಲ್ಲನ್ನು ಹುಡುಕಿ ತೆಗೆದೆ. ಅದರಲ್ಲಿ ಆ ದಿನದ ಮೀಟರ್ ಓದು ಇತ್ತು. ಲೆಕ್ಕ ಹಾಕಿದರೆ ಹೊಸ ಚೈನ್ 812 ಕಿಲೋಮೀಟರ್ ಓಡಿದೆ. ಬಿಲ್ಲಿನ ಹಿಂಬದಿಯಲ್ಲಿ ಪೆನ್ನಿನಿಂದ "500ಕ್ಕೆ ಚೆಕ್, ಎಣ್ಣೆ" ಎಂದು ಬರೆದಿತ್ತು. ಹೊಸ ಚೈನ್ ಮೊದಲು ಸ್ವಲ್ಪ ಸಡಿಲವಾಗುತ್ತದೆ, ಮತ್ತೆ ಬಿಗಿ ಮಾಡಬೇಕು, ಮಳೆ ಕೆಸರಿನಲ್ಲಿ ಓಡಿಸಿದರೆ ತೊಳೆದು ಎಣ್ಣೆ ಬಿಡಬೇಕು. ಮಕ್ಕಳಿಗೆ ಪ್ರಶ್ನೆಪತ್ರಿಕೆಯ ಹಿಂದಿನ ಪುಟವನ್ನೂ ನೋಡಿ ಎಂದು ಹೇಳುವ ಮೇಷ್ಟ್ರು ನಾನು. ಬಿಲ್ಲಿನ ಹಿಂದಿನ ಪುಟ ನೋಡಿರಲಿಲ್ಲ.

ಆಗ ಮನಸ್ಸಿನಲ್ಲಿ ಬಂದದ್ದನ್ನು ಮುಚ್ಚಿಡದೆ ಹೇಳುತ್ತೇನೆ. ಪಂಕ್ಚರ್ ವಿಷಯ ಗ್ಯಾರೇಜಿನವರಿಗೆ ಗೊತ್ತಿಲ್ಲ. ನಾನು ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. 9,400 ರೂಪಾಯಿ ಉಳಿಯುತ್ತದೆ. ನಾನೇನು ಸುಳ್ಳು ಹೇಳಬೇಕಾಗಿಲ್ಲ, ಸುಮ್ಮನಿದ್ದರೆ ಸಾಕು.

ಆದರೆ ಬೆಳಿಗ್ಗೆ ನಾನು ಹೇಳಿದ ಮಾತು ಅಲ್ಲಿ ನಿಂತಿತ್ತು. ಬೆಳಿಗ್ಗೆ ಅದು ಮರೆವು. ಈಗ ಗೊತ್ತಾದ ಮೇಲೆ ಸುಮ್ಮನಿದ್ದರೆ ಅದೇ ಮಾತು ಸುಳ್ಳಾಗುತ್ತದೆ. ಆ ಸುಳ್ಳಿನ ಬೆಲೆಯನ್ನು ಕೊಡುವವನು ಮಾಲೀಕನಲ್ಲ, ಆ ಹುಡುಗ. ನಮ್ಮ ತಾತನ ಕಾಲದಲ್ಲಿ ಊರಿನಲ್ಲಿ ಏನೇ ಕಳೆದರೂ ಮೊದಲು ಕರೆಸುತ್ತಿದ್ದುದು ನಮ್ಮ ಕೇರಿಯವರನ್ನು. ತಪ್ಪು ಯಾವಾಗಲೂ ಕೆಳಗಿದ್ದವನ ಮೇಲೆ ಹರಿಯುತ್ತದೆ ಎಂದು ಭಾಷಣ ಮಾಡುವ ನಾನು, ಅಂಥದೇ ಕೆಲಸಕ್ಕೆ ಕೈ ಹಾಕಿದ್ದೆ.

*3. ಗ್ರಹಚಾರವಲ್ಲ, ಕಾರಣ*

ಪಟಿಚ್ಚಸಮುಪ್ಪಾದ, ಅಂದರೆ ಕಾರಣಗಳ ಕೂಟದಿಂದ ಸಂಗತಿಗಳು ಹುಟ್ಟುತ್ತವೆ ಎಂಬ ತಿಳಿವಳಿಕೆ. ಇದನ್ನು ನಾವು ದೊಡ್ಡ ತತ್ತ್ವವೆಂದು ಓದುತ್ತೇವೆ. ಗ್ಯಾರೇಜಿನ ನೆಲದ ಮೇಲೂ ಅದೇ ಕೆಲಸ ಮಾಡುತ್ತದೆ. ಚೈನ್ ತುಂಡಾಗಿದ್ದು ಶನಿವಾರದಿಂದಲ್ಲ. ಲಾಕ್ ಕೊಂಡಿ, ಓರೆಯಾದ ಚಕ್ರ, ಎರೆಮಣ್ಣು, ಬಿಡದ ಎಣ್ಣೆ, ನನ್ನ ಅವಸರ ಇವೆಲ್ಲ ಕೂಡಿದಾಗ ಆಯಿತು. ಒಂದೇ ಕಾರಣ ಹುಡುಕುವವನಿಗೆ ಒಬ್ಬನೇ ತಪ್ಪಿತಸ್ಥ ಬೇಕಾಗುತ್ತಾನೆ. ಕಾರಣಗಳನ್ನು ಹುಡುಕುವವನು ತನ್ನನ್ನೂ ಆ ಪಟ್ಟಿಯಲ್ಲಿ ಸೇರಿಸಿಕೊಳ್ಳಬೇಕಾಗುತ್ತದೆ.

ಬಾಬಾಸಾಹೇಬರು ತಮ್ಮ ಕೊನೆಯ ಗ್ರಂಥ 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಕಮ್ಮದ ಬಗ್ಗೆ ಇದನ್ನೇ ಬಿಡಿಸಿ ತೋರಿಸಿದ್ದಾರೆ. ಅದು ಅವರ ಪರಿನಿಬ್ಬಾಣದ ಮರುವರ್ಷ, 1957ರಲ್ಲಿ ಪ್ರಕಟವಾಯಿತು. ಹಿಂದಿನ ಜನ್ಮದ ಕರ್ಮದಿಂದ ಈ ಜನ್ಮದ ಬಡತನ ಬಂತು ಎಂಬ ವಾದವನ್ನು ಅವರು ಒಪ್ಪುವುದಿಲ್ಲ. ಬಡವರ, ಕೆಳಗಿಟ್ಟವರ ಸ್ಥಿತಿಗೆ ತಾನು ಹೊಣೆಯಲ್ಲ ಎಂದು ಸಮಾಜವೂ ಸರ್ಕಾರವೂ ತಪ್ಪಿಸಿಕೊಳ್ಳಲು ಆ ವಾದ ಅನುಕೂಲ ಮಾಡಿಕೊಡುತ್ತದೆ ಎಂಬುದು ಅವರ ಆಕ್ಷೇಪ. ಗ್ರಹಚಾರ ಎನ್ನುವ ಮಾತು ಗ್ಯಾರೇಜಿನಲ್ಲಿ ಮಾಡುವುದೂ ಅದನ್ನೇ. ಯಾರೂ ಹೊಣೆ ಹೊರಬೇಕಾಗಿಲ್ಲ, ನಿಂಬೆಹಣ್ಣು ಕಟ್ಟಿದರೆ ಮುಗಿಯಿತು. ಬಾಬಾಸಾಹೇಬರು ಉಳಿಸಿಕೊಂಡ ಕಮ್ಮ ಬೇರೆ. ಮಾಡಿದ್ದಕ್ಕೆ ಇಲ್ಲೇ ಫಲ ಇದೆ, ನೈತಿಕ ವ್ಯವಸ್ಥೆ ನಿಂತಿರುವುದು ಮನುಷ್ಯರ ಕೆಲಸದ ಮೇಲೆ ಎನ್ನುವ ಕಮ್ಮ.

*4. ಎದುರುಬದುರು ಕೂತಾಗ*

ಮರುದಿನ ಶಾಲೆ ಮುಗಿಸಿ ಬಸ್ಸಿನಲ್ಲಿ ಬಂದು ಗ್ಯಾರೇಜಿಗೆ ಹೋದೆ. ಗುಂಪಿಲ್ಲದ ಹೊತ್ತು. ಪಂಕ್ಚರ್ ವಿಷಯ ಹೇಳಿದೆ. ಬಿಲ್ಲಿನ ಹಿಂದೆ ಬರೆದದ್ದನ್ನು ನೋಡಿರಲಿಲ್ಲ ಎಂದೂ ಹೇಳಿದೆ. ಮಾಲೀಕರು ಎದ್ದು ಅಡ್ಜಸ್ಟರ್ ನೋಡಿದರು. ಎಡಗಡೆಗೂ ಬಲಗಡೆಗೂ ಎರಡು ಗೆರೆ ವ್ಯತ್ಯಾಸ ಇತ್ತು. ಅವರ ಮುಖದಲ್ಲಿ ಗೆಲುವು ಕಂಡಿತು. ನನಗೆ ಒಂದು ಕ್ಷಣ, ಯಾಕಾದರೂ ಹೇಳಿದೆನೋ ಅನ್ನಿಸಿತು.

ಆಗ ಆ ಹುಡುಗ ಬಾಯಿ ಬಿಟ್ಟ.

"ಅಣ್ಣಾ, ಲಾಕಿನ ಕ್ಲಿಪ್ ಹಳೀದು ಹಾಕಿದ್ದೆ" ಎಂದ. ಕಿಟ್ಟಿನ ಜೊತೆ ಬಂದ ಹೊಸ ಕ್ಲಿಪ್ ಕೈಯಿಂದ ಜಿಗಿದು ಎಲ್ಲೋ ಬಿದ್ದಿತ್ತಂತೆ. ಹುಡುಕಿದರೂ ಸಿಗಲಿಲ್ಲ. ಬೈಸಿಕೊಳ್ಳಬೇಕಾಗುತ್ತದೆ ಎಂದು ಡಬ್ಬಿಯಲ್ಲಿದ್ದ ಹಳೆಯ ಕ್ಲಿಪ್ಪನ್ನೇ ಹಾಕಿಬಿಟ್ಟಿದ್ದ. ಒಮ್ಮೆ ಬಿಚ್ಚಿದ ಕ್ಲಿಪ್ಪಿನ ಬಿಗಿತನ ಹೋಗಿರುತ್ತದೆ, ಅದನ್ನು ಮತ್ತೆ ಹಾಕಬಾರದು. ಕ್ಲಿಪ್ಪಿನ ಮುಚ್ಚಿದ ಬದಿ ಚೈನ್ ಓಡುವ ದಿಕ್ಕಿಗೇ ಇರಬೇಕು. ಅವನು ಹೇಗೆ ಹಾಕಿದ್ದನೋ ನೋಡೋಣವೆಂದರೆ ಆ ಕ್ಲಿಪ್ ದಾರಿಯಲ್ಲೇ ಬಿದ್ದುಹೋಗಿತ್ತು.

ಹೀಗೆ ಮೂವರದೂ ಪಾಲು ಹೊರಗೆ ಬಂತು. ಯಾವುದರಿಂದ ಎಷ್ಟು ಎಂದು ತೂಗಲು ತಕ್ಕಡಿ ಇಲ್ಲ. ಅರ್ಧ ಗಂಟೆ ಮಾತಾಡಿ ಹೀಗೆ ಒಪ್ಪಿಕೊಂಡೆವು: ಸಾಮಾನಿನ 6,200 ನನ್ನದು, ಕೂಲಿ 3,200 ಅವರು ಬಿಡುವುದು, ಹಾಳಾದ ಚೈನಿಗೆ ಬದಲಿ ಚೈನ್ ಅವರೇ ಕೊಡುವುದು. ಹುಡುಗನ ಪಗಾರದಲ್ಲಿ ಒಂದು ರೂಪಾಯಿಯೂ ಕಡಿಯಬಾರದು ಎಂಬುದನ್ನು ನಾನು ಷರತ್ತಾಗಿ ಇಟ್ಟೆ. ಮಾಲೀಕರು ಸ್ವಲ್ಪ ಗೊಣಗಿ ಒಪ್ಪಿದರು. ಅವನ ಎದುರಿಗೇ ಒಪ್ಪಿಸಿದೆ.

*5. ವಿನಯ ಏನು ಹೇಳುತ್ತದೆ*

ಭಿಕ್ಖು ಸಂಘದಲ್ಲಿಯೂ ಜಗಳಗಳಾಗುತ್ತಿದ್ದವು. ಅವನ್ನು ಬಗೆಹರಿಸಲು ಬುದ್ಧರು ಏಳು ಕ್ರಮ ಹಾಕಿಕೊಟ್ಟರು. ಅಧಿಕರಣಸಮಥ ಎಂದು ಅವುಗಳ ಹೆಸರು. ಭಿಕ್ಖುಗಳ 227 ನಿಯಮಗಳ ಪಟ್ಟಿಯಲ್ಲಿ ಕೊನೆಯ ಏಳು ಇವೇ. ಅದರಲ್ಲಿ ಮೂರನ್ನು ಇಂದು ನೆನಪಿಟ್ಟುಕೊಳ್ಳೋಣ.

ಸಮ್ಮುಖಾವಿನಯ: ಸಂಬಂಧಪಟ್ಟವರೆಲ್ಲ ಎದುರಿಗಿದ್ದಾಗ ಮಾತ್ರ ತೀರ್ಮಾನ. ಮೊದಲ ದಿನ ಹುಡುಗನ ಮಾತು ಕೇಳದೆಯೇ ಅವನ ಮೇಲೆ ತೀರ್ಪು ಬಂದಿತ್ತು.

ಪಟಿಞ್ಞಾತಕರಣ: ತಪ್ಪು ಮಾಡಿದವನು ತಾನೇ ಒಪ್ಪಿಕೊಂಡದ್ದಕ್ಕೆ ತಕ್ಕಂತೆ ನಡೆಯುವುದು. ಒಬ್ಬರು ಒಪ್ಪಿಕೊಂಡರೆ ಇನ್ನೊಬ್ಬರಿಗೆ ಧೈರ್ಯ ಬರುತ್ತದೆ. ನಾನು ಪಂಕ್ಚರ್ ಮುಚ್ಚಿಟ್ಟಿದ್ದರೆ ಅವನೂ ಕ್ಲಿಪ್ ಮುಚ್ಚಿಡುತ್ತಿದ್ದ.

ತಿಣವತ್ಥಾರಕ: ಹುಲ್ಲು ಹೊದಿಸುವುದು. ಎರಡೂ ಕಡೆ ಸಣ್ಣಪುಟ್ಟ ತಪ್ಪುಗಳಾಗಿ, ಒಂದೊಂದನ್ನೇ ಕೆದಕಿದರೆ ಜಗಳವೇ ಬೆಳೆಯುವಂತಿದ್ದರೆ, ಒಟ್ಟಿಗೆ ಒಪ್ಪಿಕೊಂಡು ಮುಗಿಸುವುದು.

ಇಲ್ಲಿ ಒಂದು ಎಚ್ಚರಿಕೆ. ಗಂಭೀರ ಅಪರಾಧಗಳನ್ನು ಹುಲ್ಲಿನಿಂದ ಮುಚ್ಚಲು ವಿನಯ ಬಿಡುವುದಿಲ್ಲ. ನಮ್ಮ ಮೇಲೆ ದೌರ್ಜನ್ಯವಾದಾಗ, ಆದದ್ದಾಯಿತು ರಾಜಿ ಮಾಡಿಕೊಳ್ಳಿ ಎನ್ನುವ ಊರ ಹಿರಿಯರ ಮಾತಿಗೆ ಈ ಪಾಠವನ್ನು ಯಾರೂ ಬಳಸಬಾರದು. ಅದು ಹುಲ್ಲು ಹೊದಿಸುವ ಜಾಗವಲ್ಲ, ದೂರು ಕೊಡುವ ಜಾಗ.

ಸಂಘದ ಈ ಶಿಸ್ತನ್ನು ಬಾಬಾಸಾಹೇಬರು 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲೇ ನೆನಪಿಸಿದರು. ಠರಾವು, ಕೋರಂ, ಮತ ಎಣಿಕೆ ಇಂಥ ಸಂಸದೀಯ ನಿಯಮಗಳು ಭಿಕ್ಖು ಸಂಘಗಳಿಗೆ ಗೊತ್ತಿದ್ದವು ಎಂದು ತೋರಿಸಿಕೊಟ್ಟರು. ಅದೇ ಭಾಷಣದಲ್ಲಿ ನಮ್ಮ ಗುರಿಗಳಿಗೆ ಸಂವಿಧಾನದ ಮಾರ್ಗವನ್ನೇ ಹಿಡಿಯಬೇಕೆಂದೂ ಹೇಳಿದರು.

*6. ಹಕ್ಕು ಬಿಡಬೇಕಿಲ್ಲ*

ಸತ್ಯ ಹೇಳುವುದೆಂದರೆ ಮೋಸ ಹೋಗುವುದಲ್ಲ. ಗ್ಯಾರೇಜಿನವರು ಕ್ಲಿಪ್ ವಿಷಯ ಗೊತ್ತಾದ ಮೇಲೂ ಒಪ್ಪದಿದ್ದರೆ ನಾನು ಗ್ರಾಹಕರ ಆಯೋಗಕ್ಕೆ ಹೋಗುತ್ತಿದ್ದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಹಣ ಕೊಟ್ಟು ಪಡೆದ ಸೇವೆಯಲ್ಲಿ ಲೋಪವಾದರೆ ಜಿಲ್ಲಾ ಆಯೋಗಕ್ಕೆ ದೂರು ಕೊಡಬಹುದು. ಎರಡು ವರ್ಷದೊಳಗೆ ಕೊಡಬೇಕು. ನಾವು ಕೊಟ್ಟ ಹಣ 5 ಲಕ್ಷದವರೆಗಿದ್ದರೆ ಶುಲ್ಕವಿಲ್ಲ. ವಕೀಲರಿಲ್ಲದೆ ನಾವೇ ವಾದಿಸಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅದಕ್ಕೆ ಬೇಕಾದ ಸಾಕ್ಷ್ಯವನ್ನು ನಾವು ಇಟ್ಟುಕೊಂಡಿರಬೇಕು. ಚಿಕ್ಕ ಕೆಲಸಕ್ಕೂ ಬಿಲ್ ಕೇಳಿ. ಮೀಟರ್ ಓದು ಬರೆಸಿ. ಬಿಚ್ಚಿದ ಹಳೆಯ ಸಾಮಾನು ತೋರಿಸಲು ಹೇಳಿ. ಗಾಡಿ ಕೆಟ್ಟ ಜಾಗದಲ್ಲೇ, ಯಾರೂ ಮುಟ್ಟುವ ಮೊದಲು, ಫೋಟೋ ತೆಗೆದುಕೊಳ್ಳಿ. ಬಿಲ್ಲಿನ ಹಿಂಬದಿಯನ್ನೂ ಓದಿ.

ಸಮ್ಯಕ್ ಮಾತಿಗೆ ಬುದ್ಧರು ಹೇಳಿದ ಲಕ್ಷಣಗಳು ಐದು: ಸಕಾಲದ್ದು, ಸತ್ಯವಾದದ್ದು, ಮೃದುವಾದದ್ದು, ಹಿತವಾದದ್ದು, ಮೈತ್ರಿಯಿಂದ ಬಂದದ್ದು. ಮೊದಲ ದಿನ ಗುಂಪಿನ ನಡುವೆ ನಾನಾಡಿದ ಮಾತಿನಲ್ಲಿ ಈ ಐದರಲ್ಲಿ ಒಂದೂ ಇರಲಿಲ್ಲ. ಎರಡನೆಯ ದಿನ ಎಷ್ಟಿದ್ದವೋ ಎಣಿಸಿಲ್ಲ, ಸತ್ಯ ಮಾತ್ರ ಇತ್ತು.

*ಇಂದಿನ ಅಭ್ಯಾಸ*

1. ಈಗ ನಡೆಯುತ್ತಿರುವ ಯಾವುದಾದರೂ ಒಂದು ತಕರಾರು ನೆನಪಿಸಿಕೊಳ್ಳಿ. ಅದರ ಕಾರಣಗಳನ್ನು ಕಾಗದದ ಮೇಲೆ ಬರೆಯಿರಿ. ನಿಮ್ಮ ಹೆಸರು ಅದರಲ್ಲಿ ಎಲ್ಲಿ ಬರುತ್ತದೆ ನೋಡಿ.

2. ಎದುರಿನವರಿಗೆ ಗೊತ್ತಿಲ್ಲದ, ನಿಮಗೆ ಗೊತ್ತಿರುವ ಒಂದು ಸಂಗತಿ ಇದೆಯೇ? ನೀವು ಸುಮ್ಮನಿದ್ದರೆ ಬೆಲೆ ಕೊಡುವವರು ಯಾರು?

3. 22 ಪ್ರತಿಜ್ಞೆಗಳಲ್ಲಿ ಸುಳ್ಳು ಹೇಳುವುದಿಲ್ಲ ಎಂಬುದೂ ಒಂದು. ನಾವು ಪ್ರತಿಜ್ಞೆ ಹೇಳುವಾಗ ಮೌನದ ಸುಳ್ಳನ್ನೂ ಅದರಲ್ಲಿ ಸೇರಿಸಿಕೊಳ್ಳುತ್ತೇವೆಯೇ? ಭಾನುವಾರ ವಿಹಾರದಲ್ಲಿ ಸೇರಿದಾಗ ಚರ್ಚಿಸೋಣ.

ಆ ಹುಡುಗ ಈಗಲೂ ಅದೇ ಗ್ಯಾರೇಜಿನಲ್ಲಿದ್ದಾನೆ. ಹೋದ ತಿಂಗಳು ಚೈನಿಗೆ ಎಣ್ಣೆ ಬಿಡಿಸಲು ಹೋಗಿದ್ದೆ. ಕೆಲಸ ಮುಗಿಸಿ ನನ್ನನ್ನು ಕರೆದು, "ನೋಡ್ರಿ ಸರ, ಎರಡೂ ಕಡಿ ಗೆರಿ ಸರಿ ಅವ" ಎಂದು ತೋರಿಸಿದ. ನಾನೂ ಬಗ್ಗಿ ನೋಡಿದೆ. ಸರಿಯಾಗಿದ್ದವು.

ಎಲ್ಲರಿಗೂ ಮಂಗಳವಾಗಲಿ.
ನಮೋ ಬುದ್ಧಾಯ. ಜೈ ಭೀಮ್.