ಹಳೆಯ ಪೆಟ್ಟಿಗೆಯಲ್ಲಿ ಹೊಸ ಗಣಕಯಂತ್ರ



ನಮ್ಮ ಶಾಲೆಯ ಕಚೇರಿಯ ಗೋಡೆಯಲ್ಲಿ ತೂಗಹಾಕಿರುವ ಗ್ರೂಪ್ ಫೋಟೋಗಳನ್ನು ನೀವೆಲ್ಲರೂ ಕಂಡಿರುವಿರಿ. ನಡುವೆ ಕುರ್ಚಿಗಳಲ್ಲಿ ಕುಳಿತ ಅಧ್ಯಾಪಕರು, ಹಿಂದೆ ಸಾಲಾಗಿ ನಿಂತ ಮಕ್ಕಳು, ಕೆಳಗೆ ಕಪ್ಪು ಮಸಿಯಲ್ಲಿ ದುಂಡಾಗಿ ಬರೆದ ಕನ್ನಡದ ಹೆಸರುಗಳು. ಅವುಗಳಲ್ಲಿ ಹಲವು ನಿಮ್ಮ ಅಜ್ಜ ಅಜ್ಜಿಯರ ಕಾಲದವು. ಕಾಸರಗೋಡು ಕೇರಳಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ಅದಕ್ಕಿಂತ ಹಿಂದಿನ ಎರಡು ಚಿತ್ರಗಳೂ ಅಲ್ಲಿವೆ.

ಕಳೆದ ಮಳೆಗಾಲ ಕಳೆದ ಮೇಲೆ ಗೋಡೆಗೆ ಸುಣ್ಣ ಬಳಿಸಲೆಂದು ಆ ಚೌಕಟ್ಟುಗಳನ್ನು ಕೆಳಗಿಳಿಸಿದಾಗ ನಮ್ಮ ಎದೆ ಧಸಕ್ಕೆಂದಿತು. ಗಾಜಿನ ಒಳಬದಿಯಲ್ಲಿ ಬೂಷ್ಟು ಹಿಡಿದಿತ್ತು. ಒಂದು ಚಿತ್ರದಲ್ಲಿ ಹಿಂದಿನ ಸಾಲಿನ ನಾಲ್ವರ ಮುಖಗಳು ಹಳದಿ ಕಲೆಯ ಅಡಿಯಲ್ಲಿ ಮರೆಯಾಗಿದ್ದವು. ಸುದ್ದಿ ತಿಳಿದು ಒಬ್ಬ ಅಜ್ಜಿ ಶಾಲೆಗೆ ಬಂದರು. ಆ ನಾಲ್ವರಲ್ಲಿ ಒಬ್ಬರು ಅವರ ಅಣ್ಣ. ಚಿಕ್ಕ ವಯಸ್ಸಿನಲ್ಲಿಯೇ ತೀರಿಕೊಂಡ ಆ ಅಣ್ಣನ ಬೇರೆ ಚಿತ್ರವೇ ಮನೆಯಲ್ಲಿ ಇಲ್ಲವಂತೆ.

ಚಿತ್ರಗಳನ್ನೆಲ್ಲ ಸ್ಕ್ಯಾನ್ ಮಾಡಿ ಗಣಕಯಂತ್ರದಲ್ಲಿ ತಿದ್ದಿ ಉಳಿಸಿಕೊಳ್ಳುವುದೆಂದು ನಿಶ್ಚಯವಾಯಿತು. ಕಚೇರಿಯಲ್ಲಿ ಸ್ಕ್ಯಾನರ್ ಇತ್ತು, ಆದರೆ ಈ ಕೆಲಸಕ್ಕೆ ತಕ್ಕ ಗಣಕಯಂತ್ರವಿರಲಿಲ್ಲ. ರಕ್ಷಕ-ಶಿಕ್ಷಕ ಸಂಘದವರು ಕೈಲಾದಷ್ಟು ಹಣ ಕೂಡಿಸಿಕೊಟ್ಟರು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಷ್ಟೆ. ಉಗ್ರಾಣದ ಮೂಲೆಯಲ್ಲಿ 2003ರಲ್ಲಿ ಕೊಂಡ ಹಳೆಯ ಗಣಕಯಂತ್ರವೊಂದು ಗುಜರಿಯವರ ದಾರಿ ಕಾಯುತ್ತಾ ಬಿದ್ದಿತ್ತು. ಅದರ ತಗಡಿನ ಪೆಟ್ಟಿಗೆಯನ್ನು, ಎಂದರೆ ಕ್ಯಾಬಿನೆಟ್ಟನ್ನು, ಉಳಿಸಿಕೊಂಡು ಒಳಗಿನದನ್ನು ಹೊಸದಾಗಿ ಕಟ್ಟಲು ವಿಜ್ಞಾನ ಸಂಘದ ನಾವು ಹೊರಟೆವು. ಈ ಕೆಲಸದಲ್ಲಿ ನಾವು ಕಲಿತದ್ದು ಮುಖ್ಯವಾಗಿ ಒಂದು ಪಾಠ: ಹಳೆಯ ವಸ್ತುವಿನಲ್ಲಿ ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಅಳೆದು ನಿರ್ಧರಿಸಬೇಕೇ ಹೊರತು ಅಂದಾಜಿನಿಂದಲ್ಲ.

ಹಳೆಯ ಯಂತ್ರವೇ ಸಾಲದೇಕೆ?

ಮೊದಲು ಒಂದು ಲೆಕ್ಕ ಮಾಡೋಣ. 8 ಅಂಗುಲ ಅಗಲ, 10 ಅಂಗುಲ ಉದ್ದದ ಚಿತ್ರವನ್ನು ಅಂಗುಲಕ್ಕೆ 600 ಬಿಂದುಗಳಂತೆ ಸ್ಕ್ಯಾನ್ ಮಾಡಿದರೆ ಅಗಲದಲ್ಲಿ 4800, ಉದ್ದದಲ್ಲಿ 6000 ಬಿಂದುಗಳು ದೊರೆಯುತ್ತವೆ. ಗುಣಿಸಿದರೆ 2 ಕೋಟಿ 88 ಲಕ್ಷ ಬಿಂದುಗಳು. ಪ್ರತಿಯೊಂದು ಬಿಂದುವಿಗೂ ಕೆಂಪು, ಹಸಿರು, ನೀಲಿ ಎಂಬ ಮೂರು ಸಂಖ್ಯೆಗಳುಂಟು. ಒಂದೊಂದು ಸಂಖ್ಯೆಗೆ 16 ಬಿಟ್, ಎಂದರೆ 2 ಬೈಟ್ ಜಾಗ ಕೊಟ್ಟರೆ ಬಿಂದುವೊಂದಕ್ಕೆ 6 ಬೈಟ್ ಬೇಕು. ಹೀಗೆ ಒಂದು ಚಿತ್ರಕ್ಕೆ 17 ಕೋಟಿ 28 ಲಕ್ಷ ಬೈಟ್ ಆಯಿತು.

ತಿದ್ದುವಾಗ ಮೂಲಚಿತ್ರದ ಮೇಲೆ ತೆಳುವಾದ ಕಾಗದಗಳನ್ನು ಹರಡಿದಂತೆ ಪದರಗಳನ್ನು ಇಟ್ಟುಕೊಂಡು ಕೆಲಸ ಮಾಡುತ್ತೇವೆ. ಐದು ಪದರಗಳಾದರೆ 86 ಕೋಟಿ 40 ಲಕ್ಷ ಬೈಟ್. ಹಳೆಯ ಯಂತ್ರದ ರ್‍ಯಾಮ್ 512 ಮೆಗಾಬೈಟ್ ಇತ್ತು, ಎಂದರೆ ಸುಮಾರು 53 ಕೋಟಿ 69 ಲಕ್ಷ ಬೈಟ್. ಒಂದೇ ಚಿತ್ರದ ಕೆಲಸ ಇಡೀ ರ್‍ಯಾಮನ್ನು ಮೀರಿಹೋಗುತ್ತದೆ. ಹಳೆಯ ಮದರ್‌ಬೋರ್ಡು ಚೆನ್ನಾಗಿಯೇ ಇತ್ತು, ಆದರೆ ಈ ಕೆಲಸಕ್ಕೆ ಅದು ಕೂಡದು. ಇದು ಲೆಕ್ಕ ಹೇಳಿದ ಮಾತು.

ಎಂಟು ಬಿಟ್ ಸಾಲದೇ ಎಂದು ನೀವು ಕೇಳಬಹುದು. 8 ಬಿಟ್‌ನಲ್ಲಿ ಒಂದು ಬಣ್ಣಕ್ಕೆ 256 ಮಟ್ಟಗಳು, 16 ಬಿಟ್‌ನಲ್ಲಿ 65,536 ಮಟ್ಟಗಳು. ಮಾಸಿದ ಚಿತ್ರದಲ್ಲಿ ಕಪ್ಪಿಗೂ ಬಿಳುಪಿಗೂ ಅಂತರ ಕಡಿಮೆ. ಆ ಅಂತರವನ್ನು ಹಿಗ್ಗಿಸುವಾಗ ಮಟ್ಟಗಳು ಸಾಲದಿದ್ದರೆ ಕೆನ್ನೆ, ಹಣೆಗಳ ಮೇಲೆ ಮೆಟ್ಟಿಲಿನಂತಹ ಪಟ್ಟೆಗಳು ಕಾಣಿಸಿಕೊಳ್ಳುತ್ತವೆ.

ಪೆಟ್ಟಿಗೆ ಉಪಯೋಗಕ್ಕೆ ಬಂದುದು ಹೇಗೆ?

ಇಪ್ಪತ್ತು ವರ್ಷಗಳ ಹಿಂದಿನ ಪೆಟ್ಟಿಗೆಗೆ ಇಂದಿನ ಮದರ್‌ಬೋರ್ಡು ಕೂರುವುದು ಅಚ್ಚರಿಯೆನಿಸಬಹುದು. 1995ರಲ್ಲಿ ಇಂಟೆಲ್ ಸಂಸ್ಥೆಯು ಎಟಿಎಕ್ಸ್ ಎಂಬ ಅಳತೆಯ ಕ್ರಮವನ್ನು ಪ್ರಕಟಿಸಿತು. ಮದರ್‌ಬೋರ್ಡಿನ ಸ್ಕ್ರೂ ತೂತುಗಳು ಎಲ್ಲಿರಬೇಕು, ಹಿಂಬದಿಯ ಕಿಟಕಿ ಎಷ್ಟು ದೊಡ್ಡದಿರಬೇಕು ಎಂಬುದೆಲ್ಲ ಅದರಲ್ಲಿ ಗೊತ್ತುಮಾಡಲ್ಪಟ್ಟಿದೆ. ಎಟಿಎಕ್ಸ್ ಬೋರ್ಡಿನ ಅಳತೆ 305 × 244 ಮಿ.ಮೀ. ಆನಂತರ 1997ರಲ್ಲಿ ಬಂದ ಮೈಕ್ರೋ ಎಟಿಎಕ್ಸ್ ಬೋರ್ಡು 244 × 244 ಮಿ.ಮೀ. ಈ ಚಿಕ್ಕ ಬೋರ್ಡು ದೊಡ್ಡದರ ತೂತುಗಳಲ್ಲಿಯೇ ಕೂರುವಂತೆ ಮಾಡಲ್ಪಟ್ಟಿದೆ. ಆ ಕ್ರಮ ಇಂದಿಗೂ ನಡೆದುಬಂದಿರುವುದರಿಂದಲೇ ನಮ್ಮ ಪೆಟ್ಟಿಗೆಗೆ ಮರುಜೀವ ಬಂತು.

ಆದರೂ ಕೊಳ್ಳುವ ಮೊದಲು ಅಳೆದು ನೋಡಬೇಕು. ಹಿಂಬದಿಯ ಕಿಟಕಿ ಸುಮಾರು 159 ಮಿ.ಮೀ. ಅಗಲ, 44.5 ಮಿ.ಮೀ. ಎತ್ತರವಿರಬೇಕು. ವಿದ್ಯುತ್ತನ್ನು ಒದಗಿಸುವ ಎಸ್‌ಎಂಪಿಎಸ್‌ನ ಜಾಗ 150 ಮಿ.ಮೀ. ಅಗಲ, 86 ಮಿ.ಮೀ. ಎತ್ತರವಿರಬೇಕು. ಕೆಲವು ಕಂಪೆನಿಗಳ ಪೆಟ್ಟಿಗೆಗಳಲ್ಲಿ ತೂತುಗಳು ತಮ್ಮದೇ ಅಳತೆಯವು. 2000ರ ದಶಕದ ನಡುವೆ ಬಂದು ಬೇಗನೆ ನಿಂತುಹೋದ ಬಿಟಿಎಕ್ಸ್ ಎಂಬ ಕ್ರಮದ ಪೆಟ್ಟಿಗೆಗಳೂ ಉಂಟು. ಅಂಥವು ಈ ಕೆಲಸಕ್ಕೆ ಆಗವು. ಪ್ರೊಸೆಸರ್ ಮೇಲಿನ ತಂಪುಕಾರಿಯ ಎತ್ತರವನ್ನೂ ನೋಡಬೇಕು. ಹಳೆಯ ಪೆಟ್ಟಿಗೆಗಳು ಇಕ್ಕಟ್ಟಾದುದರಿಂದ ನಾವು ಪ್ರೊಸೆಸರಿನ ಜೊತೆಗೆ ಬರುವ ಗಿಡ್ಡ ಫ್ಯಾನನ್ನೇ ಇಟ್ಟುಕೊಂಡೆವು.

ತೊಳೆಯುವ ಕೆಲಸವೂ ಸಣ್ಣದಲ್ಲ. ಪೆಟ್ಟಿಗೆಯೊಳಗೆ ಕಣಜ ಕಟ್ಟಿದ ಮಣ್ಣಿನ ಗೂಡುಗಳಿದ್ದವು. ಒಳಗಿನದನ್ನೆಲ್ಲ ಬಿಚ್ಚಿ ತೆಗೆದು, ಬರಿಯ ತಗಡನ್ನು ಸಾಬೂನು ನೀರಿನಿಂದ ತೊಳೆದು, ಎರಡು ದಿನ ಬಿಸಿಲಿನಲ್ಲಿಟ್ಟೆವು. ತುಕ್ಕನ್ನು ಉಪ್ಪುಕಾಗದದಿಂದ ಉಜ್ಜಿ ಬಣ್ಣ ಬಳಿದೆವು. ಮದರ್‌ಬೋರ್ಡು ಮತ್ತು ಎಸ್‌ಎಂಪಿಎಸ್ ತಗಡಿಗೆ ತಾಗುವ ಕಡೆಗಳಲ್ಲಿ ಮಾತ್ರ ಬಣ್ಣ ಬಳಿಯಬಾರದು, ಏಕೆಂದರೆ ಅಲ್ಲಿ ಲೋಹಕ್ಕೆ ಲೋಹ ತಾಗಿದರೇನೇ ಅರ್ಥಿಂಗ್ ಸರಿಯಾಗುವುದು.

ಗಾಳಿಯ ದಾರಿ

ಹಳೆಯ ಪೆಟ್ಟಿಗೆಯ ದೊಡ್ಡ ಕೊರತೆಯೆಂದರೆ ಗಾಳಿ. ನಮ್ಮದರಲ್ಲಿ ಹಿಂದೆ 80 ಮಿ.ಮೀ. ಫ್ಯಾನಿಗೆ ಮಾತ್ರ ಜಾಗವಿತ್ತು, ಮುಂಬದಿ ಪೂರ್ತಿ ಮುಚ್ಚಿತ್ತು. ಗಂಟೆಗಟ್ಟಲೆ ಚಿತ್ರ ತಿದ್ದುವಾಗ ಒಳಗಿನ ಬಿಸಿ ಹೊರಹೋಗದಿದ್ದರೆ ಪ್ರೊಸೆಸರ್ ತಾನಾಗಿಯೇ ವೇಗವನ್ನು ತಗ್ಗಿಸಿಕೊಳ್ಳುತ್ತದೆ. ಆದುದರಿಂದ ಮುಂಬದಿಯ ಕೆಳಭಾಗದಲ್ಲಿ 120 ಮಿ.ಮೀ. ಫ್ಯಾನಿಗೆ ದುಂಡನೆಯ ತೂತು ಕೊರೆಯಿಸಿದೆವು. ತಗಡು ಕತ್ತರಿಸುವ ಕೆಲಸವನ್ನು ಪೇಟೆಯ ಗ್ರಿಲ್ ಕೆಲಸದವರೇ ಮಾಡಿಕೊಟ್ಟರು. ಮಕ್ಕಳು ಅದಕ್ಕೆ ಕೈಹಾಕಬಾರದು.

ಗಣಿತದಲ್ಲಿ ಕಲಿತ ವೃತ್ತದ ಕ್ಷೇತ್ರಫಲ ಇಲ್ಲಿ ನೆನಪಿಗೆ ಬರಲಿ. 8 ಸೆಂ.ಮೀ. ವ್ಯಾಸದ ವೃತ್ತದ ಕ್ಷೇತ್ರಫಲ 50.24 ಚದರ ಸೆಂ.ಮೀ., 12 ಸೆಂ.ಮೀ. ವ್ಯಾಸದ್ದು 113.04 ಚದರ ಸೆಂ.ಮೀ. ವ್ಯಾಸ ಒಂದೂವರೆ ಪಾಲಾದರೆ ಕ್ಷೇತ್ರಫಲ ಎರಡೂಕಾಲು ಪಾಲಾಗುತ್ತದೆ. ಆದ ಕಾರಣ ದೊಡ್ಡ ಫ್ಯಾನು ನಿಧಾನವಾಗಿ ತಿರುಗಿದರೂ ಸಾಕಷ್ಟು ಗಾಳಿ ಕೊಡುತ್ತದೆ, ಸದ್ದೂ ಕಡಿಮೆ. ತಣ್ಣನೆಯ ಗಾಳಿ ಮುಂದಿನ ಕೆಳಗಿನಿಂದ ಒಳಬಂದು ಬಿಸಿಗಾಳಿ ಹಿಂದಿನ ಮೇಲಿನಿಂದ ಹೊರಹೋಗಬೇಕು. ಮುಂದಿನ ತೂತಿಗೆ ಸೊಳ್ಳೆಪರದೆಯ ನೈಲಾನ್ ಬಲೆ ಕಟ್ಟಿದೆವು. ಕತ್ತರಿಸಿದ ಅಂಚನ್ನು ಅರದಿಂದ ಉಜ್ಜಿ, ತಗಡಿನ ಪುಡಿಯನ್ನು ಅಯಸ್ಕಾಂತದಿಂದ ಹೆಕ್ಕಿ ತೆಗೆದ ಮೇಲೆಯೇ ಬೋರ್ಡು ಕೂರಿಸಬೇಕು.

ಬಿಡಲೇಬೇಕಾದ ಒಂದು ವಸ್ತು

ಹಳೆಯ ಎಸ್‌ಎಂಪಿಎಸ್ ಇನ್ನೂ ತಿರುಗುತ್ತದೆ, ಅದನ್ನೇ ಇಟ್ಟುಕೊಂಡರೆ ಹಣ ಉಳಿಯುವುದಲ್ಲವೇ ಎಂದು ನಮ್ಮಲ್ಲಿ ಕೆಲವರು ವಾದಿಸಿದರು. ಅದು ಸಲ್ಲದು. ಅದರೊಳಗಿನ ಕೆಪಾಸಿಟರುಗಳ ದ್ರವ ವರ್ಷಗಳು ಕಳೆದಂತೆ ಒಣಗುತ್ತದೆ. ಅಲ್ಲದೆ ಹಳೆಯವುಗಳಲ್ಲಿ ಹಲವು ಹೆಚ್ಚಿನ ಶಕ್ತಿಯನ್ನು 5 ಮತ್ತು 3.3 ವೋಲ್ಟ್ ತಂತಿಗಳಲ್ಲಿ ಕೊಡುತ್ತಿದ್ದವು. ಇಂದಿನ ಯಂತ್ರ ಬಹುಪಾಲನ್ನು 12 ವೋಲ್ಟ್ ತಂತಿಯಿಂದ ಎಳೆಯುತ್ತದೆ. ಹಳೆಯದು ಕೆಟ್ಟರೆ ತಾನೊಂದೇ ಕೆಡದೆ ಹೊಸ ಬೋರ್ಡನ್ನೂ ಸುಡಬಹುದು.

ಇನ್ನೊಂದು ಎಚ್ಚರಿಕೆಯನ್ನು ಹೆತ್ತವರೂ ಗಮನಿಸಬೇಕು. ಎಸ್‌ಎಂಪಿಎಸ್‌ನ ಡಬ್ಬವನ್ನು ಎಂದಿಗೂ ಬಿಚ್ಚಬಾರದು. ನಮ್ಮ ಮನೆಗಳ 230 ವೋಲ್ಟ್ ವಿದ್ಯುತ್ತಿನ ಅಲೆಯ ತುದಿ ಸುಮಾರು 325 ವೋಲ್ಟ್‌ಗೆ ಏರುತ್ತದೆ. ಅಷ್ಟೇ ಒತ್ತಡ ಒಳಗಿನ ಕೆಪಾಸಿಟರಿನಲ್ಲಿ ತುಂಬಿರುತ್ತದೆ. ಪ್ಲಗ್ಗು ಕಿತ್ತ ಬಳಿಕವೂ ಅದು ಕೆಲಕಾಲ ಉಳಿದಿರಬಹುದು.

ಉಳಿದ ಹಣದಲ್ಲಿ ಚಿತ್ರಶಕ್ತಿ ಒಳಗೇ ಇರುವ ಪ್ರೊಸೆಸರ್, 16 ಗಿಗಾಬೈಟ್ ರ್‍ಯಾಮ್, ಕೆಲಸಕ್ಕೆ ಒಂದು ಎಸ್‌ಎಸ್‌ಡಿ, ಸಂಗ್ರಹಕ್ಕೆ ಒಂದು ಹಾರ್ಡ್ ಡಿಸ್ಕ್ ಕೊಂಡೆವು. ಆಟಕ್ಕೆ ಬೇಕಾಗುವಂತಹ ದುಬಾರಿ ಗ್ರಾಫಿಕ್ಸ್ ಕಾರ್ಡು ಈ ಕೆಲಸಕ್ಕೆ ಅವಶ್ಯವಿಲ್ಲ. ಅದರ ಬದಲು ಒಳ್ಳೆಯ ಐಪಿಎಸ್ ಪರದೆಗೆ ಹಣ ಹಾಕಿದೆವು. ಬದಿಯಿಂದ ನೋಡಿದರೆ ಬಣ್ಣ ಬದಲಾಗುವ ಪರದೆಯಲ್ಲಿ ಮುಖದ ಛಾಯೆಯನ್ನು ತಿದ್ದುವುದು ಹೇಗೆ?

ನಮ್ಮಿಂದಾದ ತಪ್ಪು

ಎಲ್ಲವನ್ನೂ ಜೋಡಿಸಿ ಗುಂಡಿ ಒತ್ತಿದೆವು. ಫ್ಯಾನು ಅರೆಕ್ಷಣ ತಿರುಗಿ ನಿಂತಿತು. ಮತ್ತೆ ಒತ್ತಿದರೂ ಅದೇ ಕಥೆ. ಊರವರು ಕೂಡಿಸಿಕೊಟ್ಟ ಹಣವನ್ನು ಸುಟ್ಟುಬಿಟ್ಟೆವೋ ಎಂಬ ಭಯದಿಂದ ಆ ರಾತ್ರಿ ನಮಗಾರಿಗೂ ಸರಿಯಾಗಿ ನಿದ್ರೆ ಬರಲಿಲ್ಲ.

ಮರುದಿನ ಎಲ್ಲವನ್ನೂ ಬಿಚ್ಚಿ ನೋಡಿದಾಗ ಕಾರಣ ತಿಳಿಯಿತು. ಬೋರ್ಡು ತಗಡಿಗೆ ತಾಗದಿರಲೆಂದು ಅದರ ಕೆಳಗೆ ಹಿತ್ತಾಳೆಯ ಗಿಡ್ಡ ಬೋಲ್ಟುಗಳಿರುತ್ತವೆ. ಹಳೆಯ ಬೋರ್ಡು ದೊಡ್ಡದು, ಹೊಸತು ಚಿಕ್ಕದು. ಹಳೆಯದಕ್ಕೆಂದು ಇದ್ದ ಬೋಲ್ಟೊಂದನ್ನು ನಾವು ತೆಗೆಯಲು ಮರೆತಿದ್ದೆವು. ಅದು ಹೊಸ ಬೋರ್ಡಿನ ಅಡಿಭಾಗಕ್ಕೆ ತಾಗಿ ಶಾರ್ಟ್ ಆಗುತ್ತಿತ್ತು. ದೋಷ ಕಂಡೊಡನೆ ಎಸ್‌ಎಂಪಿಎಸ್ ತಾನೇ ನಿಂತು ಬೋರ್ಡನ್ನು ಕಾಪಾಡಿತ್ತು. ಹಳೆಯ ಎಸ್‌ಎಂಪಿಎಸ್ ಇಟ್ಟುಕೊಂಡಿದ್ದರೆ ಏನಾಗುತ್ತಿತ್ತೋ! ಬೋರ್ಡಿನ ತೂತುಗಳನ್ನು ಎಣಿಸಿ, ಬೋಲ್ಟುಗಳನ್ನು ಎಣಿಸಿ, ಒಂದಕ್ಕೊಂದು ನೇರವಾಗಿವೆಯೇ ಎಂದು ನೋಡಿದ ಮೇಲೆಯೇ ಬೋರ್ಡನ್ನು ಕೂರಿಸಬೇಕು.

ಮುಂಬದಿಯ ದೀಪವೂ ಮೊದಲು ಉರಿಯಲಿಲ್ಲ. ಹಳೆಯ ದೀಪದ ತಂತಿಯ ತುದಿ ಮೂರು ಪಿನ್ನಿನದು, ಹೊಸ ಬೋರ್ಡಿನಲ್ಲಿದ್ದುದು ಎರಡು ಪಿನ್. ತುದಿಯಲ್ಲಿದ್ದ ತಂತಿಯನ್ನು ನಡುವಿನ ಮನೆಗೆ ಸರಿಸಿದಾಗ ಹಸಿರು ದೀಪ ಹೊತ್ತಿಕೊಂಡಿತು.

ಚಿತ್ರದ ಕೆಲಸ

ಕೇರಳದ ಶಾಲೆಗಳಲ್ಲಿ ಬಳಸುವ ಗ್ನೂ/ಲಿನಕ್ಸನ್ನೇ ಇದಕ್ಕೂ ಹಾಕಿದೆವು. ಅದರಲ್ಲಿರುವ ಗಿಂಪ್ ಎಂಬ ಸಾಧನವನ್ನು 1995ರಲ್ಲಿ ಆರಂಭಿಸಿದವರು ಅಮೆರಿಕದ ಬರ್ಕಲಿಯ ವಿಶ್ವವಿದ್ಯಾನಿಲಯದ ಇಬ್ಬರು ವಿದ್ಯಾರ್ಥಿಗಳು, ಸ್ಪೆನ್ಸರ್ ಕಿಂಬಾಲ್ ಮತ್ತು ಪೀಟರ್ ಮ್ಯಾಟಿಸ್. 2018ರ 2.10ನೆಯ ಆವೃತ್ತಿಯಿಂದ ಅದರಲ್ಲಿ 16 ಬಿಟ್‌ನ ಕೆಲಸವೂ ಸಾಧ್ಯವಾಗಿದೆ. ಇದಕ್ಕೆ ಹಣ ಕೊಡಬೇಕಾಗಿಲ್ಲ.

ಕಪ್ಪು ಬಿಳುಪಿನ ಚಿತ್ರವಾದರೂ ಬಣ್ಣದಲ್ಲಿಯೇ ಸ್ಕ್ಯಾನ್ ಮಾಡುವುದು ಲೇಸು. ಹಳದಿ ಕಲೆ ನೀಲಿಯ ಪದರದಲ್ಲಿ ಕಪ್ಪಾಗಿ ಕಂಡರೆ ಕೆಂಪಿನ ಪದರದಲ್ಲಿ ಬಹಳಷ್ಟು ಮಾಯವಾಗುತ್ತದೆ. ಗಾಜಿಗೆ ಅಂಟಿದ ಚಿತ್ರವನ್ನು ಎಳೆದು ತೆಗೆಯಬಾರದು, ಗಾಜಿನ ಸಮೇತ ಪ್ರತಿ ತೆಗೆಯಬೇಕು. ಮೂಲ ಪ್ರತಿಯನ್ನು ಟಿಫ್ ರೂಪದಲ್ಲಿ ತಿದ್ದದೆ ಇಟ್ಟು, ಇನ್ನೊಂದು ಪ್ರತಿಯಲ್ಲಿ ಕೆಲಸ ಮಾಡಬೇಕು. ಮತ್ತೊಂದು ನಕಲು ಬೇರೆ ಕಟ್ಟಡದಲ್ಲಿರಬೇಕು.

ಆ ನಾಲ್ವರಲ್ಲಿ ಮೂವರ ಮುಖಗಳು ಕೆಂಪಿನ ಪದರದಲ್ಲಿ ಎದ್ದು ಬಂದವು. ನಾಲ್ಕನೆಯವರೇ ಅಜ್ಜಿಯ ಅಣ್ಣ. ಅವರ ಎಡಗೆನ್ನೆಯನ್ನು ಬೂಷ್ಟು ಪೂರ್ತಿಯಾಗಿ ತಿಂದುಹಾಕಿತ್ತು. ಇಂದಿನ ಕೃತಕ ಬುದ್ಧಿಯ ಸಾಧನಗಳಿಂದ ಇಡೀ ಮುಖವನ್ನೇ ಹೊಸದಾಗಿ ಬರೆಯಿಸಬಹುದು ಎಂದು ನಮ್ಮಲ್ಲೊಬ್ಬನು ಸೂಚಿಸಿದನು. ಬಹಳ ಹೊತ್ತು ಚರ್ಚೆಯಾಯಿತು. ಕೊನೆಗೆ ಅಜ್ಜಿಯನ್ನೇ ಕೇಳಿದೆವು. ಅವರೆಂದರು: "ಅರ್ಧ ಆದರೂ ಅದು ಅವನದ್ದೇ ಮುಖ. ಇಡೀ ಮಾಡಿ ಬೇರೆಯವರ ಮುಖ ಇಟ್ಟರೆ ನನಗೆ ಯಾಕೆ ಮಗಾ?"

ಆದುದರಿಂದ ಕಲೆಯನ್ನಷ್ಟೇ ತೆಗೆದು, ಇಲ್ಲದ ಕೆನ್ನೆಯನ್ನು ಇಲ್ಲದಂತೆಯೇ ಬಿಟ್ಟೆವು. ಪೆಟ್ಟಿಗೆಯಲ್ಲಿ ಹೊರಗಿನದನ್ನು ಉಳಿಸಿ ಒಳಗಿನದನ್ನು ಬದಲಿಸಿದ ನಾವು ಚಿತ್ರದಲ್ಲಿ ಹಾಗೆ ಮಾಡಲಾಗದು. ಅಲ್ಲಿ ಮೇಲಿನ ಕಲೆ ಮಾತ್ರ ನಮ್ಮ ಕೈಯದು, ಮುಖ ಅದರ ಒಡೆಯರದು.

ನಿಮ್ಮ ಮನೆಗಳಲ್ಲಿಯೂ ಇಂತಹ ಚಿತ್ರಗಳಿದ್ದರೆ ಮುಂದಿನ ಆಟಿ ತಿಂಗಳ ಮಳೆಗೆ ಮೊದಲೇ ಶಾಲೆಗೆ ತನ್ನಿರಿ. ಯಂತ್ರ ಸಿದ್ಧವಾಗಿದೆ.

ಅಭ್ಯಾಸ

1. 6 × 8 ಅಂಗುಲದ ಚಿತ್ರವನ್ನು ಅಂಗುಲಕ್ಕೆ 600 ಬಿಂದುಗಳಂತೆ, 16 ಬಿಟ್‌ನಲ್ಲಿ ಸ್ಕ್ಯಾನ್ ಮಾಡಿದರೆ ಎಷ್ಟು ಬೈಟ್ ಬೇಕು?
2. 140 ಮಿ.ಮೀ. ಫ್ಯಾನಿನ ಕ್ಷೇತ್ರಫಲ 80 ಮಿ.ಮೀ. ಫ್ಯಾನಿನ ಎಷ್ಟು ಪಾಲು?
3. ನಿಮ್ಮ ಮನೆಯ ಹಳೆಯ ಗ್ರೂಪ್ ಫೋಟೋದಲ್ಲಿರುವವರ ಹೆಸರುಗಳನ್ನು ಹಿರಿಯರಿಂದ ಕೇಳಿ ಬರೆದಿಡಿ. ಯಂತ್ರ ಮುಖವನ್ನು ತೋರಿಸೀತು, ಹೆಸರನ್ನು ಹೇಳಲಾರದು.