ನೀರಿನ ಬಣ್ಣವೂ ಕ್ಯಾಮೆರಾದ ಸಾಕ್ಷ್ಯವೂ

ನಮ್ಮ ಕಾಲೇಜಿನ ಕೆಲವು ವಿದ್ಯಾರ್ಥಿಗಳು ಊರ ಕೆರೆಯನ್ನು ಡಿಜಿಟಲ್ ಕ್ಯಾಮೆರಾದಿಂದ ತಿಂಗಳಿಗೊಮ್ಮೆ ಚಿತ್ರಿಸಿ, ಪಾಚಿಯಿಂದ ಹಸುರಾಗಿದ್ದ ನೀರು ನಾಲ್ಕು ತಿಂಗಳಲ್ಲಿ ತಿಳಿಯಾಗಿ ನೀಲಿಗೆ ತಿರುಗಿತೆಂದು ವರದಿ ಬರೆದರು. ನಾವೂ ಅದಕ್ಕೆ ರುಜು ಹಾಕಿದೆವು. ಬಳಿಕ ಕೆರೆಗೆ ಹೋಗಿ ಗಾಜಿನ ಲೋಟದಲ್ಲಿ ನೀರನ್ನು ಮೊಗೆದು ನೋಡಿದರೆ ಪಾಚಿ ಮೊದಲಿನಂತೆಯೇ ಇದ್ದಿತು! ಮೊದಲ ಚಿತ್ರಗಳನ್ನು ಏರಿಯ ಮೇಲೆ ನಿಂತು ತೆಗೆದಿದ್ದರು. ಕಡೆಯವನ್ನು ನೀರಿನಂಚಿನಲ್ಲಿ ಕುಳಿತು ತೆಗೆದಿದ್ದರು. ಇಷ್ಟರಿಂದಲೇ ಬಣ್ಣ ಹೇಗೆ ಬದಲಾಯಿತೆಂಬುದನ್ನು ವಿಚಾರಮಾಡೋಣ.

ನೀರಿನಿಂದ ನಮ್ಮತ್ತ ಬರುವ ಬೆಳಕಿನಲ್ಲಿ ಎರಡು ಪಾಲುಗಳುಂಟು. ಒಂದು, ಮೇಲ್ಮೈಯಲ್ಲೇ ಪ್ರತಿಫಲಿಸಿದ ಆಕಾಶದ ಬೆಳಕು. ಇನ್ನೊಂದು, ಒಳಹೊಕ್ಕು, ನೀರಿನ ಅಣುಗಳಿಂದಲೂ ಅದರಲ್ಲಿ ತೇಲುವ ಮಣ್ಣು ಪಾಚಿಗಳಿಂದಲೂ ಚದರಿ ಹಿಂದಿರುಗಿದ ಬೆಳಕು. ನೀರಿನ ಸ್ವಂತ ಬಣ್ಣವಿರುವುದು ಈ ಎರಡನೆಯದರಲ್ಲಿ ಮಾತ್ರ. ನೇರವಾಗಿ ಕೆಳಗೆ ನೋಡಿದಾಗ ಮೇಲ್ಮೈ ಪ್ರತಿಫಲಿಸುವುದು ನೂರಕ್ಕೆ ಸುಮಾರು 2 ಪಾಲು; ದೃಷ್ಟಿಯು ಲಂಬದಿಂದ 80 ಡಿಗ್ರಿ ಓರೆಯಾದರೆ ಸುಮಾರು 35 ಪಾಲು. ಅಂಚಿನಲ್ಲಿ ಕುಳಿತವನು ಕೆರೆಯ ಹೆಸರಿನಲ್ಲಿ ಬಹುಮಟ್ಟಿಗೆ ಆಕಾಶವನ್ನೇ ಚಿತ್ರಿಸುತ್ತಾನೆ.

ಈ ಆಕಾಶದ ಪಾಲನ್ನು ಕಳೆಯುವ ಉಪಾಯ ಹಳೆಯದು. ಆಳವಾದ ಕಡಲಿನ ನೀಲಿ ಆಕಾಶದ ಪ್ರತಿಫಲನವಷ್ಟೆ ಎಂದು ಲಾರ್ಡ್ ರೇಲಿ ಬಗೆದಿದ್ದರು. 1921ರಲ್ಲಿ ಮೆಡಿಟರೇನಿಯನ್ ಸಮುದ್ರವನ್ನು ಹಡಗಿನಲ್ಲಿ ದಾಟಿದ ಸಿ. ವಿ. ರಾಮನ್ನರಿಗೆ ಇದು ಒಪ್ಪಿಗೆಯಾಗಲಿಲ್ಲ. ಲಂಬದಿಂದ ಸುಮಾರು 53 ಡಿಗ್ರಿ ಕೋನದಲ್ಲಿ ನೀರಿನಿಂದ ಪ್ರತಿಫಲಿಸುವ ಬೆಳಕು ಪೂರ್ಣವಾಗಿ ಧ್ರುವೀಕೃತವಾಗಿರುತ್ತದೆ. ಅಂದರೆ ಅದರ ಕಂಪನವೆಲ್ಲ ಒಂದೇ ದಿಕ್ಕಿನಲ್ಲಿರುತ್ತದೆ. ಇದಕ್ಕೆ ಬ್ರೂಸ್ಟರ್ ಕೋನವೆಂದು ಹೆಸರು. ರಾಮನ್ನರು ನಿಕೋಲ್ ಪಟ್ಟಕದಿಂದ ಆ ಬೆಳಕನ್ನು ತಡೆದು ನೋಡಿದರು. ನೀಲಿ ಅಳಿಯಲಿಲ್ಲ, ಇನ್ನಷ್ಟು ಗಾಢವಾಯಿತು! ನೀರಿನ ಅಣುಗಳು ನೀಲಿಯನ್ನು ಹೆಚ್ಚಾಗಿ ಚದರಿಸುವುದೂ, ಒಂದು ಮೀಟರಿನಷ್ಟು ಶುದ್ಧ ನೀರು ಕಡುಗೆಂಪು ಬೆಳಕಿನ ಹತ್ತಿರ ಹತ್ತಿರ ಅರ್ಧವನ್ನು ಹೀರಿಬಿಡುವುದೂ ಇದಕ್ಕೆ ಕಾರಣ.

ನಿಕೋಲ್ ಪಟ್ಟಕದ ಕೆಲಸವನ್ನು ಇಂದು ಮಸೂರದ ಮುಂದೆ ತಿರುಗಿಸುವ ಪೋಲರೈಸರ್ ಮಾಡುತ್ತದೆ. ಆದರೆ ಅಷ್ಟಕ್ಕೇ ತೃಪ್ತರಾಗುವಂತಿಲ್ಲ, ಏಕೆಂದರೆ ಕ್ಯಾಮೆರಾ ತನ್ನದೂ ಒಂದು ಊಹೆಯನ್ನು ಬೆರೆಸುತ್ತದೆ. ‘ಆಟೋ ವೈಟ್ ಬ್ಯಾಲೆನ್ಸ್’ ಎಂಬ ಏರ್ಪಾಡು ಸಾಮಾನ್ಯವಾಗಿ ದೃಶ್ಯದ ಬಣ್ಣಗಳ ಸರಾಸರಿ ಬೂದು ಇರಬೇಕೆಂಬ ನಂಬಿಕೆಯನ್ನು ಆಧರಿಸಿದೆ. ಚೌಕಟ್ಟನ್ನೆಲ್ಲ ಹಸುರು ನೀರೇ ತುಂಬಿದ್ದರೆ, ಬಿಸಿಲೇ ಹಸುರಾಗಿರಬಹುದೆಂದು ಬಗೆದು ಹಸುರನ್ನು ತಗ್ಗಿಸಿಬಿಡುತ್ತದೆ! ಅಂದವಾದ ಚಿತ್ರಕ್ಕೆ ಇದರಿಂದ ಬಾಧಕವಿಲ್ಲ. ಅಳತೆಗೆ ಮಾತ್ರ ಇದು ವಿಷ.

ಆದುದರಿಂದ ನಾವು ಈ ಕ್ರಮವನ್ನು ಹಿಡಿದೆವು. ಸೂರ್ಯ ಮೇಲೇರಿದ ಮೇಲೆ, ಏರಿಯ ಒಂದೇ ಜಾಗದಿಂದ, ಲಂಬಕ್ಕೆ 53 ಡಿಗ್ರಿ ಓರೆಯಾಗಿ ಕ್ಯಾಮೆರಾವನ್ನು ಹಿಡಿದು, ಹೊಳಪು ಅತ್ಯಂತ ಕುಗ್ಗುವವರೆಗೆ ಪೋಲರೈಸರನ್ನು ತಿರುಗಿಸುವುದು. ವಿಶಾಲ ದೃಶ್ಯದ ಮಸೂರ ಇಲ್ಲಿ ಸಲ್ಲದು. ಅದರ ಚಿತ್ರದಲ್ಲಿ ಒಂದು ಪಟ್ಟಿಗೆ ಮಾತ್ರ ಈ ಕೋನ ಹೊಂದುತ್ತದೆ. ಅನಂತರ ಅದೇ ಬಿಸಿಲಿನಲ್ಲಿ ಬೂದು ಕಾರ್ಡೊಂದನ್ನು ಅದೇ ಪೋಲರೈಸರಿನ ಮೂಲಕವೇ ಚಿತ್ರಿಸುವುದು. ಪೋಲರೈಸರಿಗೆ ತನ್ನದೇ ಛಾಯೆಯಿದ್ದರೆ ಅದೂ ಲೆಕ್ಕಕ್ಕೆ ಬರುತ್ತದೆ. ಚಿತ್ರಗಳನ್ನು ಸಂಸ್ಕರಿಸದ ‘ರಾ’ ರೂಪದಲ್ಲಿ ಉಳಿಸಿ, ಗಣಕದಲ್ಲಿ ಕಾರ್ಡಿನ ಕೆಂಪು, ಹಸುರು, ನೀಲಿ ಅಂಕಗಳು ಸಮನಾಗುವಂತೆ ತಿದ್ದಿ, ಅದೇ ತಿದ್ದುಪಡಿಯನ್ನು ನೀರಿನ ಚಿತ್ರಕ್ಕೂ ಅನ್ವಯಿಸುವುದು.

ಹೀಗೆ ತೆಗೆದ ಐದನೆಯ ತಿಂಗಳ ಚಿತ್ರದಲ್ಲಿ ಕೆರೆ ಹಸುರಾಗಿಯೇ ಇದೆ. ವರದಿಯನ್ನು ಹಿಂದಕ್ಕೆ ಪಡೆದಿದ್ದೇವೆ.