ಅಂಗಳದ ಅಂಚಿನಲ್ಲಿ ನಿಂತವರು

ಕಾಲ್ಚೆಂಡಾಟದಲ್ಲಿ ಗೋಲು ಹೊಡೆದವನನ್ನು ಜನರು ಕೊಂಡಾಡುತ್ತಾರೆ. ಅಂಗಳದ ಅಂಚಿನಲ್ಲಿ ನಿಂತ ತರಬೇತುಗಾರನತ್ತ ಅವರ ಕಣ್ಣು ಹೊರಳುವುದು ಬಹುಮಟ್ಟಿಗೆ ತಂಡ ಸೋತಾಗಲೇ. ದಕ್ಷಿಣ ಕೊರಿಯದ ಚೋಯ್ ಕಾಂಗ್-ಹೀ ಅವರು 2005ರಲ್ಲಿ ಜಿಯೋನ್‌ಬುಕ್ ತಂಡದ ಹೊಣೆ ಹೊತ್ತಾಗ, ಆ ತಂಡವು ಸ್ವದೇಶದ ಲೀಗ್ ಪ್ರಶಸ್ತಿಯನ್ನು ಒಮ್ಮೆಯೂ ಗೆದ್ದಿರಲಿಲ್ಲ. ಅಂಥ ತಂಡವು ಮರುವರ್ಷವೇ ಏಷ್ಯಾ ಖಂಡದ ಕ್ಲಬ್ಬುಗಳ ಚಾಂಪಿಯನ್ ಆಯಿತು! ಅಂತಿಮ ಸ್ಪರ್ಧೆಯಲ್ಲಿ ಎರಡು ಪಂದ್ಯಗಳು. ಎರಡರ ಗೋಲುಗಳನ್ನೂ ಕೂಡಿಸಿ ವಿಜೇತರನ್ನು ನಿರ್ಣಯಿಸುವುದು ಆಗಿನ ಪದ್ಧತಿ. ತವರಿನಲ್ಲಿ 2-0 ಅಂತರದಿಂದ ಗೆದ್ದ ಜಿಯೋನ್‌ಬುಕ್, ಸಿರಿಯದ ಹೋಮ್ಸ್ ನಗರದಲ್ಲಿ ಅಲ್-ಕರಾಮಾ ತಂಡಕ್ಕೆ 1-2ರಿಂದ ಸೋತಿತು. ಆದರೂ ಒಟ್ಟಿನಲ್ಲಿ 3-2ರಿಂದ ಮುಂದಿತ್ತು.

2011ರಲ್ಲಿ ಭಾಗ್ಯವು ಮುನಿಯಿತು. ಆ ವರ್ಷ ಅಂತಿಮ ಪಂದ್ಯ ಒಂದೇ. ಅದೂ ತಮ್ಮದೇ ಜಿಯೋಂಜು ನಗರದ ಕ್ರೀಡಾಂಗಣದಲ್ಲಿ, ತಮ್ಮವರ ಕಣ್ಣೆದುರಿನಲ್ಲಿ. ಕತಾರಿನ ಅಲ್-ಸದ್ ತಂಡದೊಡನೆ ಆಟವು 2-2ರಲ್ಲಿ ಸಮವಾಗಿ, ಕೊನೆಗೆ ಪೆನಾಲ್ಟಿ ಒದೆತಗಳಲ್ಲಿ ಪ್ರಶಸ್ತಿಯು ಕೈತಪ್ಪಿತು. ತವರಿನಲ್ಲಿ ಸೋಲುವುದು ಹೊರಗೆ ಸೋಲುವುದಕ್ಕಿಂತ ಕಠಿಣವಲ್ಲವೆ?

ಬಳಿಕ ರಾಷ್ಟ್ರೀಯ ತಂಡವನ್ನು 2014ರ ವಿಶ್ವಕಪ್ಪಿಗೆ ಅರ್ಹಗೊಳಿಸಿದ ಚೋಯ್, 2013ರಲ್ಲಿ ಅದೇ ಜಿಯೋನ್‌ಬುಕ್ಕಿಗೆ ಮರಳಿದರು. 2016ರ ಅಂತಿಮ ಸ್ಪರ್ಧೆಯಲ್ಲಿ ಅವರ ತಂಡವು ಸಂಯುಕ್ತ ಅರಬ್ ಸಂಸ್ಥಾನದ ಅಲ್-ಐನ್ ತಂಡವನ್ನು ಜಿಯೋಂಜುವಿನಲ್ಲಿ 2-1ರಿಂದ ಸೋಲಿಸಿ, ಎದುರಾಳಿಯ ನೆಲದಲ್ಲಿ 1-1ರ ಸಮಬಲ ಸಾಧಿಸಿತು. ಒಟ್ಟು ಮತ್ತೆ 3-2. ಹತ್ತು ವರ್ಷಗಳ ಹಿಂದಿನ ಅಂಕಗಳೇ!